ಮಣ್ಣಿನ ಕೆಲಸವನ್ನು ಯಾರು ಮಾಡಬೇಕು? ಹೈಡ್ರೋಪೋನಿಕ್ಸ್: ಒಂದು ಸಮೀಕ್ಷೆ

ಗಿಡಕ್ಕೆ ಮಣ್ಣು ಬೇಕೇ ಎಂಬ ಪ್ರಶ್ನೆಗೆ ಸಸ್ಯವಿಜ್ಞಾನ ಒಂದೂವರೆ ಶತಮಾನದ ಹಿಂದೆಯೇ ಬೇಡವೆಂದು ಉತ್ತರ ಕೊಟ್ಟಿದೆ. ಬೇರಿಗೆ ನೀರು, ಆ ನೀರಿನಲ್ಲಿ ಕರಗಿದ ಕೆಲವು ಲವಣಗಳು, ಉಸಿರಾಡಲು ಆಮ್ಲಜನಕ, ಕಾಂಡ ನೆಟ್ಟಗೆ ನಿಲ್ಲಲು ಒಂದು ಆಸರೆ, ಇಷ್ಟು ಸಿಕ್ಕರೆ ಸಸ್ಯವು ಮೊಳಕೆಯಿಂದ ಬೀಜ ಕಟ್ಟುವವರೆಗಿನ ತನ್ನ ಇಡೀ ಆಯುಸ್ಸನ್ನು ಮಣ್ಣು ಮುಟ್ಟದೆಯೇ ಕಳೆಯಬಲ್ಲದು. ಈ ತಿಳಿವನ್ನು ಬೆಳೆ ತೆಗೆಯುವ ಪದ್ಧತಿಯಾಗಿ ರೂಢಿಸಿದಾಗ ಅದನ್ನು ಹೈಡ್ರೋಪೋನಿಕ್ಸ್ ಅಥವಾ ಮಣ್ಣುರಹಿತ ಕೃಷಿ ಎನ್ನುತ್ತಾರೆ. ಆದರೆ ಗಿಡಕ್ಕೆ ಮಣ್ಣು ಬೇಡವೆಂದು ತೋರಿಸಿದ ಮಾತ್ರಕ್ಕೆ ಬೇಸಾಯಕ್ಕೂ ಅದು ಬೇಡವೆಂದು ಸಿದ್ಧವಾಗುವುದಿಲ್ಲ. ಈ ಎರಡು ಮಾತುಗಳ ನಡುವಿನ ಅಂತರವನ್ನು ಮರೆತದ್ದರಿಂದಲೇ ಹೈಡ್ರೋಪೋನಿಕ್ಸ್ ಕುರಿತ ಚರ್ಚೆ ಒಮ್ಮೆ ಅತಿಯಾದ ಭರವಸೆಗೂ ಇನ್ನೊಮ್ಮೆ ಅಷ್ಟೇ ಅತಿಯಾದ ತಿರಸ್ಕಾರಕ್ಕೂ ಹೊರಳುತ್ತ ಬಂದಿದೆ.

ಹೊಲದ ಮಣ್ಣು ಮಳೆಯ ನೀರನ್ನು ಹಿಡಿದಿಟ್ಟು ದಿನಗಟ್ಟಲೆ ಬೇರಿಗೆ ಒದಗಿಸುತ್ತದೆ. ಜೇಡಿಯ ಕಣಗಳ ಮೇಲೂ ಕೊಳೆತ ಸಾವಯವ ಪದಾರ್ಥದ ಮೇಲೂ ಪೋಷಕಾಂಶಗಳನ್ನು ಕೂಡಿಟ್ಟು ನಿಧಾನವಾಗಿ ಬಿಟ್ಟುಕೊಡುತ್ತದೆ. ಹುಳಿ ಅಥವಾ ಕ್ಷಾರ ಹಠಾತ್ತನೆ ಏರದಂತೆ ತಡೆಯುತ್ತದೆ. ತನ್ನ ರಂಧ್ರಗಳಲ್ಲಿ ಗಾಳಿಯನ್ನು ಉಳಿಸಿಕೊಳ್ಳುತ್ತದೆ. ಹಗಲಿನ ಬಿಸಿಯನ್ನು ಮೇಲ್ಪದರದಲ್ಲೇ ತಡೆದು ಬೇರನ್ನು ತಂಪಾಗಿಡುತ್ತದೆ. ಇಷ್ಟೆಲ್ಲ ಕೆಲಸಕ್ಕೆ ಅದು ಕೂಲಿ ಕೇಳುವುದಿಲ್ಲ. ಮಣ್ಣನ್ನು ತೆಗೆದರೆ ಈ ಕೆಲಸಗಳು ಇಲ್ಲವಾಗುವುದಿಲ್ಲ, ಪಂಪು, ಲವಣದ ಚೀಲ, ಮಾಪಕ, ವಿದ್ಯುತ್ತು ಮತ್ತು ದಿನವೂ ಗಮನ ಕೊಡುವ ಒಬ್ಬ ಮನುಷ್ಯನ ಹೆಗಲಿಗೆ ಒಂದೊಂದಾಗಿ ವರ್ಗವಾಗುತ್ತವೆ. ಆ ವರ್ಗಾವಣೆಯ ವೆಚ್ಚ ಎಲ್ಲಿ ಸಾರ್ಥಕ, ಎಲ್ಲಿ ಅಲ್ಲ ಎಂಬುದೇ ಹೈಡ್ರೋಪೋನಿಕ್ಸನ್ನು ಅಳೆಯಬೇಕಾದ ಸರಿಯಾದ ಅಳತೆಗೋಲು.

ಈ ಪದ್ಧತಿಯ ಇತಿಹಾಸವನ್ನು ಬ್ಯಾಬಿಲೋನಿನ ತೂಗುದೋಟಗಳಿಂದಲೂ ಮೆಕ್ಸಿಕೋದ ಅಜ್ಟೆಕರ ಚಿನಾಂಪಾಗಳಿಂದಲೂ ಆರಂಭಿಸುವ ವಾಡಿಕೆ ಇದೆ. ಇದನ್ನು ಒಪ್ಪುವುದು ಕಷ್ಟ. ಚಿನಾಂಪಾ ಎಂದರೆ ಆಳವಿಲ್ಲದ ಕೆರೆಯಲ್ಲಿ ಹೂಳನ್ನೂ ಜೊಂಡನ್ನೂ ಪೇರಿಸಿ ಎಬ್ಬಿಸಿದ ತಾಕು. ಅಲ್ಲಿ ಬೆಳೆಯನ್ನು ಪೋಷಿಸಿದ್ದು ಫಲವತ್ತಾದ ಕೆಸರು ಮಣ್ಣೇ. ಕಾಶ್ಮೀರದ ದಾಲ್ ಸರೋವರದ ತೇಲುತೋಟಗಳು, ಮ್ಯಾನ್ಮಾರಿನ ಇನ್ಲೆ ಸರೋವರದ ಟೊಮ್ಯಾಟೊ ತಾಕುಗಳು, ಬಾಂಗ್ಲಾದೇಶದ ರೈತರು ನೀರಿನ ಕಳೆಗಳನ್ನು ಹೆಣೆದು ಕಟ್ಟುವ ತೆಪ್ಪಗಳು ತತ್ತ್ವದ ದೃಷ್ಟಿಯಿಂದ ಇನ್ನಷ್ಟು ಹತ್ತಿರ ಬರುತ್ತವೆ, ಏಕೆಂದರೆ ಅಲ್ಲಿ ಬೇರಿನ ಬಹುಭಾಗ ಕೊಳೆಯುವ ಸಸ್ಯರಾಶಿಯಲ್ಲೂ ನೀರಿನಲ್ಲೂ ಇರುತ್ತದೆ. ಆದರೂ ಗಿಡಕ್ಕೆ ಬೇಕಾದ ಲವಣಗಳನ್ನು ಎಣಿಸಿ, ತೂಗಿ, ನೀರಿನಲ್ಲಿ ಕರಗಿಸಿ ಕೊಡುವ ಇಂದಿನ ಪದ್ಧತಿಯ ಬೇರು ಇರುವುದು ಯುರೋಪಿನ ಪ್ರಯೋಗಶಾಲೆಗಳಲ್ಲಿ.

ಯಾನ್ ಬ್ಯಾಪ್ಟಿಸ್ಟ್ ವ್ಯಾನ್ ಹೆಲ್ಮಾಂಟ್ 200 ಪೌಂಡು ಒಣಮಣ್ಣಿನಲ್ಲಿ 5 ಪೌಂಡಿನ ವಿಲ್ಲೋ ಸಸಿಯನ್ನು ನೆಟ್ಟು, ಐದು ವರ್ಷ ನೀರು ಮಾತ್ರ ಹಾಕಿ ಬೆಳೆಸಿ, ಮರ 169 ಪೌಂಡಿಗೆ ಏರಿದರೂ ಮಣ್ಣಿನಲ್ಲಿ ಕಡಿಮೆಯಾದದ್ದು ಸುಮಾರು 2 ಔನ್ಸು ಮಾತ್ರ ಎಂದು ತೋರಿಸಿದರು. ಅವರ ಮರಣಾನಂತರ 1648ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ ಅವರು ಹೊರಡಿಸಿದ ತೀರ್ಮಾನ, ಮರವೆಲ್ಲ ನೀರಿನಿಂದಲೇ ಆದದ್ದು ಎಂಬುದು, ತಪ್ಪಾಗಿತ್ತು, ಏಕೆಂದರೆ ಎಲೆಗಳು ಗಾಳಿಯಿಂದ ಇಂಗಾಲವನ್ನು ಹೀರುತ್ತವೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಆ ನಗಣ್ಯವೆನಿಸಿದ 2 ಔನ್ಸಿನಲ್ಲೇ ಖನಿಜ ಪೋಷಣೆಯ ರಹಸ್ಯ ಅಡಗಿತ್ತು. 1699ರಲ್ಲಿ ಇಂಗ್ಲೆಂಡಿನ ಜಾನ್ ವುಡ್‌ವರ್ಡ್ ಪುದೀನ ಜಾತಿಯ ಗಿಡಗಳನ್ನು ಮಳೆನೀರಿನಲ್ಲಿ, ಥೇಮ್ಸ್ ನದಿಯ ನೀರಿನಲ್ಲಿ ಮತ್ತು ತೋಟದ ಮಣ್ಣು ಕಲಸಿದ ನೀರಿನಲ್ಲಿ ಬೆಳೆಸಿ, ನೀರು ಶುದ್ಧವಾದಷ್ಟೂ ಗಿಡ ಬಡಕಲಾಗುತ್ತದೆ ಎಂದು ಕಂಡುಕೊಂಡರು. ಮುಂದೆ 1860ರ ದಶಕದ ಹೊತ್ತಿಗೆ ಜರ್ಮನಿಯ ಯೂಲಿಯಸ್ ಸಾಕ್ಸ್ ಮತ್ತು ವಿಲ್‌ಹೆಲ್ಮ್ ಕ್ನಾಪ್ ಗೊತ್ತಾದ ಪ್ರಮಾಣದ ಲವಣಗಳನ್ನು ಕರಗಿಸಿದ ನೀರಿನಲ್ಲಿಯೇ ಗಿಡಗಳನ್ನು ಪೂರ್ಣವಾಗಿ ಬೆಳೆಸಿದರು. ಒಂದು ಧಾತುವನ್ನು ಬಿಟ್ಟು ಉಳಿದವನ್ನೆಲ್ಲ ಕೊಟ್ಟರೆ ಗಿಡ ಏನಾಗುತ್ತದೆ ಎಂದು ನೋಡುವ ಈ ವಿಧಾನವೇ ಅಗತ್ಯ ಪೋಷಕಾಂಶಗಳ ಪಟ್ಟಿಯನ್ನು ಕಟ್ಟಿಕೊಟ್ಟಿತು. ಇಂದು ಆ ಪಟ್ಟಿಯಲ್ಲಿ 17 ಧಾತುಗಳಿವೆ. ಇಂಗಾಲ, ಜಲಜನಕ, ಆಮ್ಲಜನಕಗಳು ಗಾಳಿ ಮತ್ತು ನೀರಿನಿಂದ ಬರುತ್ತವೆ; ಸಾರಜನಕ, ರಂಜಕ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಗಂಧಕಗಳು ಹೆಚ್ಚು ಪ್ರಮಾಣದಲ್ಲೂ ಕಬ್ಬಿಣ, ಸತು, ಬೋರಾನ್ ಮೊದಲಾದ ಲಘು ಪೋಷಕಾಂಶಗಳು ಅತ್ಯಲ್ಪ ಪ್ರಮಾಣದಲ್ಲೂ ಬೇಕಾಗುತ್ತವೆ. ಕೊನೆಯದಾಗಿ ಸೇರಿದ ನಿಕ್ಕಲ್ಲಿನ ಅಗತ್ಯ ಸಿದ್ಧವಾದದ್ದು 1987ರಲ್ಲಿ.

ಪ್ರಯೋಗಶಾಲೆಯ ಈ ಉಪಕರಣವನ್ನು ಬೇಸಾಯದ ಪದ್ಧತಿಯಾಗಿ ಲೋಕದ ಮುಂದಿಟ್ಟವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ವಿಲಿಯಂ ಗೆರಿಕೆ. 1929ರಲ್ಲಿ ಅವರು ಇದರ ಮೊದಲ ವರದಿಯನ್ನು ಪ್ರಕಟಿಸಿದರು. 1930ರ ದಶಕದಲ್ಲಿ ತೊಟ್ಟಿಗಳಲ್ಲಿ ಇಪ್ಪತ್ತು ಅಡಿಗೂ ಮೀರಿ ಬೆಳೆದ ಅವರ ಟೊಮ್ಯಾಟೊ ಬಳ್ಳಿಗಳ ಚಿತ್ರಗಳು ಅಮೆರಿಕದ ಪತ್ರಿಕೆಗಳಲ್ಲೆಲ್ಲ ಹರಡಿ, ಮಣ್ಣಿನ ಯುಗ ಮುಗಿಯಿತೆಂಬಷ್ಟು ಉತ್ಸಾಹ ಎದ್ದಿತು. ಆಗ ಅದೇ ವಿಶ್ವವಿದ್ಯಾನಿಲಯದ ಡೆನಿಸ್ ಹೋಗ್‌ಲ್ಯಾಂಡ್ ಮತ್ತು ಡೇನಿಯಲ್ ಆರ್ನನ್ ಮಾಡಿದ ಕೆಲಸ ಇಂದಿಗೂ ಮಾದರಿಯಾಗಬಲ್ಲದು. ಅವರು ಟೊಮ್ಯಾಟೊವನ್ನು ದ್ರಾವಣದಲ್ಲಿ, ಮರಳಿನಲ್ಲಿ ಮತ್ತು ಒಳ್ಳೆಯ ಮಣ್ಣಿನಲ್ಲಿ ಒಂದೇ ಬಗೆಯ ಬೆಳಕು, ಹವೆ ಮತ್ತು ಆರೈಕೆ ಕೊಟ್ಟು ಬೆಳೆಸಿ ಹೋಲಿಸಿದರು. ಇಳುವರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಫಸಲಿನ ಮೇಲ್ಮಿತಿಯನ್ನು ನಿರ್ಧರಿಸುವುದು ಬೇರು ಯಾವುದರಲ್ಲಿ ಇದೆ ಎಂಬುದಲ್ಲ, ಎಲೆಗಳಿಗೆ ಸಿಗುವ ಬೆಳಕು ಮತ್ತು ಹವೆ ಎಂಬ ಅವರ ನಿರ್ಣಯ 1938ರಲ್ಲಿ ಒಂದು ಚಿಕ್ಕ ಕೈಪಿಡಿಯಾಗಿ ಹೊರಬಂದಿತು. ಆ ಕೈಪಿಡಿಯಲ್ಲಿದ್ದ ಪೋಷಕ ದ್ರಾವಣದ ಸೂತ್ರ ಹೋಗ್‌ಲ್ಯಾಂಡ್ ದ್ರಾವಣವೆಂಬ ಹೆಸರಿನಲ್ಲಿ ಜಗತ್ತಿನ ಪ್ರಯೋಗಶಾಲೆಗಳಲ್ಲೆಲ್ಲ ಬಳಕೆಯಾಗುತ್ತಿದೆ. ಅದರ ಜೊತೆಗಿದ್ದ ಎಚ್ಚರಿಕೆಯ ಮಾತನ್ನು ಮಾತ್ರ ಪ್ರಚಾರ ಸಾಹಿತ್ಯ ಕೈಬಿಟ್ಟಿತು.

ಮಣ್ಣಿಲ್ಲದ ಕಡೆ ಈ ಪದ್ಧತಿಯ ಸಾರ್ಥಕತೆ ಪ್ರಶ್ನಾತೀತವಾಗಿತ್ತು. ಶಾಂತಸಾಗರದ ಹವಳದ ದ್ವೀಪವಾದ ವೇಕ್‌ನಲ್ಲಿ ತಂಗುವ ವಿಮಾನಯಾನಿಗಳಿಗಾಗಿ ತರಕಾರಿ ಬೆಳೆದದ್ದೂ, ಎರಡನೇ ಮಹಾಯುದ್ಧದ ಕಾಲದಲ್ಲಿ ಅಟ್ಲಾಂಟಿಕ್‌ನ ಬಂಡೆಗಲ್ಲಿನ ಅಸೆನ್ಷನ್ ದ್ವೀಪದಲ್ಲಿ ಅಮೆರಿಕದ ಸೇನೆ ಸೊಪ್ಪು ತರಕಾರಿ ತೆಗೆದದ್ದೂ ಇದಕ್ಕೆ ನಿದರ್ಶನ. ಯುದ್ಧಾನಂತರ ಜಪಾನಿನ ಚೋಫುವಿನಲ್ಲಿ ಅದೇ ಸೇನೆ ಸುಮಾರು 22 ಹೆಕ್ಟೇರಿನ ತೋಟವನ್ನೇ ಕಟ್ಟಿತು.

ಭಾರತದ ಅಧ್ಯಾಯ ಇದಕ್ಕಿಂತ ಬೇರೆ ಬಗೆಯದು, ಹೆಚ್ಚು ಗಮನಕ್ಕೆ ಅರ್ಹವಾದದ್ದು. 1946ರಲ್ಲಿ ಬಂಗಾಳದಲ್ಲಿ ಪ್ರಯೋಗ ಆರಂಭಿಸಿದ ಜೇಮ್ಸ್ ಶೋಲ್ಟೊ ಡಗ್ಲಸ್ ಆಗ ಡಾರ್ಜಿಲಿಂಗ್ ಜಿಲ್ಲೆಗೆ ಸೇರಿದ್ದ ಕಾಲಿಂಪಾಂಗ್ ಪ್ರದೇಶದಲ್ಲಿ ಬಡವರ ಕೈಗೆಟುಕುವ ಹೈಡ್ರೋಪೋನಿಕ್ಸ್ ಸಾಧ್ಯವೇ ಎಂದು ಪರೀಕ್ಷಿಸಿದರು. ಪಂಪು, ಗಾಜಿನ ಮನೆ, ದುಬಾರಿ ತೊಟ್ಟಿಗಳನ್ನು ಬಿಟ್ಟು, ಸ್ಥಳೀಯವಾಗಿ ಸಿಗುವ ಜಲ್ಲಿ, ಇಟ್ಟಿಗೆಚೂರು ಮತ್ತು ಮರಳನ್ನು ಸಾದಾ ತೊಟ್ಟಿಗಳಲ್ಲಿ ತುಂಬಿ, ಲವಣಗಳ ಒಣಮಿಶ್ರಣವನ್ನು ಸಾಲುಗಳ ನಡುವೆ ಕೈಯಿಂದಲೇ ಉದುರಿಸಿ ನೀರು ಹಾಕುವ ಕ್ರಮ ಅವರದು. 1951ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯ ಮುದ್ರಣಾಲಯ ಇದನ್ನು ‘ಹೈಡ್ರೋಪೋನಿಕ್ಸ್: ದಿ ಬೆಂಗಾಲ್ ಸಿಸ್ಟಮ್’ ಎಂಬ ಪುಸ್ತಕವಾಗಿ ಪ್ರಕಟಿಸಿತು. ಯಂತ್ರ ನಿಂತರೂ ಗಿಡ ಸಾಯದ ಈ ಪದ್ಧತಿ ನಮ್ಮ ಕೃಷಿ ಸಂಶೋಧನೆಯಲ್ಲಿ ಬೇರೂರದೆ ಹೋದದ್ದು ನಿಜಕ್ಕೂ ನಷ್ಟ.

ಮುಂದಿನ ಬೆಳವಣಿಗೆ ಯಂತ್ರದ ದಾರಿ ಹಿಡಿಯಿತು. ಇಂಗ್ಲೆಂಡಿನ ಅಲನ್ ಕೂಪರ್ 1960 ಮತ್ತು 70ರ ದಶಕಗಳಲ್ಲಿ ರೂಪಿಸಿದ ಪೋಷಕ ಪದರ ವಿಧಾನದಲ್ಲಿ, ಇಳಿಜಾರಾಗಿಟ್ಟ ಕೊಳವೆ ಅಥವಾ ಕಾಲುವೆಯಲ್ಲಿ ತೆಳ್ಳಗೆ ಹರಿಯುವ ದ್ರಾವಣ ಬೇರಿನ ತಳವನ್ನು ತೋಯಿಸುತ್ತ, ಮೇಲ್ಭಾಗವನ್ನು ಗಾಳಿಗೆ ಬಿಡುತ್ತದೆ. ಬೆಂಗಳೂರಿನ ತಾರಸಿಗಳ ಮೇಲೆ ಬಿಳಿ ಪಿವಿಸಿ ಕೊಳವೆಗಳ ಸಾಲಿನಲ್ಲಿ ಲೆಟ್ಯೂಸ್ ಬೆಳೆಯುವವರು ಅನುಸರಿಸುತ್ತಿರುವುದು ಬಹುಮಟ್ಟಿಗೆ ಇದನ್ನೇ. ಇನ್ನೊಂದು ವಿಧಾನದಲ್ಲಿ ಗಿಡಗಳು ಆಳವಾದ ತೊಟ್ಟಿಯ ಮೇಲೆ ಥರ್ಮೊಕೋಲಿನ ಹಲಗೆಯಲ್ಲಿ ತೇಲುತ್ತವೆ, ದ್ರಾವಣಕ್ಕೆ ಗಾಳಿಯನ್ನು ಊದಲಾಗುತ್ತದೆ. ಟೊಮ್ಯಾಟೊ, ದೊಣ್ಣೆಮೆಣಸಿನಕಾಯಿಯಂಥ ದೊಡ್ಡ ಗಿಡಗಳಿಗೆ ಆಸರೆಯ ಮಾಧ್ಯಮ ಬೇಕು. ಕರಗಿಸಿದ ಕಲ್ಲಿನಿಂದ ಎಳೆದ ಶಿಲಾಉಣ್ಣೆಯೂ ತೆಂಗಿನ ನಾರಿನ ಪುಡಿಯಾದ ಕೊಕೊಪೀಟೂ ಅದಕ್ಕೆ ಹೆಚ್ಚು ಬಳಕೆಯಾಗುತ್ತವೆ. ಬೇರುಗಳನ್ನು ಕತ್ತಲ ಪೆಟ್ಟಿಗೆಯಲ್ಲಿ ತೂಗುಬಿಟ್ಟು ದ್ರಾವಣವನ್ನು ಮಂಜಿನಂತೆ ಸಿಂಪಡಿಸುವ ವಿಧಾನಕ್ಕೆ ಏರೋಪೋನಿಕ್ಸ್ ಎಂದು ಹೆಸರು.

ವಿಧಾನ ಯಾವುದಾದರೂ ಬೆಳೆಗಾರನ ನಿತ್ಯದ ಕೆಲಸ ಎರಡು ಅಳತೆಗಳ ಸುತ್ತ ತಿರುಗುತ್ತದೆ. ಮೊದಲನೆಯದು ವಿದ್ಯುತ್ ವಾಹಕತೆ. ನೀರಿನಲ್ಲಿ ಲವಣ ಹೆಚ್ಚಿದಷ್ಟೂ ಅದು ವಿದ್ಯುತ್ತನ್ನು ಹೆಚ್ಚು ಹರಿಸುವುದರಿಂದ ಇದು ದ್ರಾವಣದ ಸಾಂದ್ರತೆಯ ಸೂಚಕವಾಗುತ್ತದೆ. ಎರಡನೆಯದು ರಸಸಾರ, ಅಂದರೆ ಹುಳಿ ಮತ್ತು ಕ್ಷಾರಗಳ ಅಳತೆಯಾದ ಪಿಎಚ್. ಬಹುಪಾಲು ಬೆಳೆಗಳಿಗೆ ಇದು 5.5ರಿಂದ 6.5ರೊಳಗೆ ಇರಬೇಕು, ಏರಿದರೆ ಕಬ್ಬಿಣದಂಥ ಧಾತುಗಳು ದ್ರಾವಣದಲ್ಲಿದ್ದರೂ ಬೇರಿಗೆ ದಕ್ಕದೆ ಎಳೆಯ ಎಲೆಗಳು ಹಳದಿಯಾಗುತ್ತವೆ. ಗಿಡ ನೈಟ್ರೇಟನ್ನು ಹೀರಿದಂತೆ ರಸಸಾರ ಏರುತ್ತದೆ, ಅಮೋನಿಯಂ ಹೀರಿದಂತೆ ಇಳಿಯುತ್ತದೆ. ಮಣ್ಣಿನಲ್ಲಿ ಈ ಏರಿಳಿತ ಗೊತ್ತೇ ಆಗುವುದಿಲ್ಲ, ತೊಟ್ಟಿಯಲ್ಲಿ ಒಂದೆರಡು ದಿನದಲ್ಲೇ ಕಾಣುತ್ತದೆ. ಗಾಢ ದ್ರಾವಣಗಳನ್ನು ಎರಡು ಬೇರೆ ಡ್ರಮ್ಮುಗಳಲ್ಲಿ ಇಡುವುದಕ್ಕೂ ಕಾರಣವಿದೆ: ಕ್ಯಾಲ್ಸಿಯಂ ನೈಟ್ರೇಟು ಸಲ್ಫೇಟ್ ಅಥವಾ ಫಾಸ್ಫೇಟ್ ಲವಣಗಳ ಜೊತೆ ಗಾಢವಾಗಿ ಸೇರಿದರೆ ಕರಗದ ಗಸಿಯಾಗಿ ತಳಕ್ಕೆ ಇಳಿದುಬಿಡುತ್ತದೆ. ಬಯಲುಸೀಮೆಯ ಕೊಳವೆಬಾವಿಗಳ ಗಡುಸು ನೀರಿನಲ್ಲಿ ಬೈಕಾರ್ಬನೇಟು ಮೊದಲೇ ಹೆಚ್ಚಿರುವುದರಿಂದ ಅಲ್ಲಿನ ಬೆಳೆಗಾರರು ಆಮ್ಲ ಬೆರೆಸಬೇಕಾಗುತ್ತದೆ, ಇಲ್ಲವೇ ಶುದ್ಧೀಕರಣ ಘಟಕ ಹಾಕಿಸಬೇಕಾಗುತ್ತದೆ. ಆ ಘಟಕ ಹೊರಬಿಡುವ ಉಪ್ಪುನೀರನ್ನು ಎಲ್ಲಿಗೆ ಬಿಡುವುದು ಎಂಬುದು ಮತ್ತೊಂದು ಸಮಸ್ಯೆ.

ಉಷ್ಣವಲಯದಲ್ಲಿ ಇವೆರಡಕ್ಕಿಂತ ಗಂಭೀರವಾದದ್ದು ಬೇರಿನ ಬಿಸಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಅದು 7.5ರ ಆಸುಪಾಸಿಗೆ ಇಳಿಯುತ್ತದೆ, ಆದರೆ ಬಿಸಿಯಲ್ಲಿ ಬೇರಿನ ಉಸಿರಾಟ ಏರುವುದರಿಂದ ಬೇಡಿಕೆ ಮಾತ್ರ ಹೆಚ್ಚುತ್ತದೆ. ಉಸಿರುಕಟ್ಟಿದ ಬೇರಿಗೆ ಪಿಥಿಯಂ ಎಂಬ ಕೊಳೆರೋಗದ ಜೀವಿ ಸುಲಭವಾಗಿ ತಗಲುತ್ತದೆ, ಮತ್ತು ಎಲ್ಲ ಗಿಡಗಳೂ ಒಂದೇ ನೀರನ್ನು ಹಂಚಿಕೊಳ್ಳುವ ವ್ಯವಸ್ಥೆಯಲ್ಲಿ ಅದು ಹಸಿರುಮನೆಯ ತುಂಬ ಹರಡಲು ಹೆಚ್ಚು ದಿನ ಬೇಡ. ತೆಳುಪದರದ ಕಾಲುವೆಗಳಲ್ಲಿ ಬೇಸಿಗೆಯ ಮಧ್ಯಾಹ್ನ ಕರೆಂಟು ಹೋಗಿ ಪಂಪು ನಿಂತರೆ ಕೆಲವೇ ಗಂಟೆಗಳಲ್ಲಿ ಬೆಳೆ ಬಾಡುತ್ತದೆ. ಯುರೋಪಿನ ಪುಸ್ತಕಗಳನ್ನು ಓದಿ ಘಟಕ ಕಟ್ಟಿದವರು ಇಲ್ಲಿ ಮೊದಲು ಎಡವುವುದು ಈ ವಿಷಯದಲ್ಲೇ.

ಹೈಡ್ರೋಪೋನಿಕ್ಸ್ ಪರವಾಗಿ ಹೇಳುವ ಮಾತುಗಳಲ್ಲಿ ಅತ್ಯಂತ ಬಲವಾದದ್ದು ನೀರಿನ ಉಳಿತಾಯ, ಮತ್ತು ಅದರಲ್ಲಿ ನಿಜಾಂಶ ದೊಡ್ಡದು. ಅರಿಜೋನಾ ಸ್ಟೇಟ್ ವಿಶ್ವವಿದ್ಯಾನಿಲಯದ ಸಂಶೋಧಕರು 2015ರಲ್ಲಿ ಯೂಮಾ ಪ್ರದೇಶದ ಲೆಟ್ಯೂಸ್ ಕುರಿತು ಮಾಡಿದ ಲೆಕ್ಕಾಚಾರದಂತೆ ಹೊಲದಲ್ಲಿ ಒಂದು ಕಿಲೋಗ್ರಾಂ ಬೆಳೆಗೆ ಸುಮಾರು 250 ಲೀಟರ್ ನೀರು ಬೇಕಾದರೆ ಹೈಡ್ರೋಪೋನಿಕ್ಸ್‌ನಲ್ಲಿ 20 ಲೀಟರ್ ಸಾಕು, ಇಳುವರಿಯೂ ಹನ್ನೊಂದು ಪಟ್ಟು. ಆದರೆ ಈ ಉಳಿತಾಯ ಎಲ್ಲಿಂದ ಬರುತ್ತದೆ ಎಂದು ಬಿಡಿಸಿ ನೋಡಬೇಕು. ಗಿಡ ಎಲೆಗಳ ಮೂಲಕ ಆವಿಯಾಗಿ ಬಿಡುವ ನೀರು ಮಣ್ಣಿಲ್ಲವೆಂಬ ಕಾರಣಕ್ಕೆ ಕಡಿಮೆಯಾಗುವುದಿಲ್ಲ. ಉಳಿಯುವುದು ಆಳಕ್ಕೆ ಇಂಗಿಹೋಗುವ, ಹರಿದುಹೋಗುವ ಮತ್ತು ನೆಲದ ಮೇಲಿಂದ ಆವಿಯಾಗುವ ಪಾಲು. ಹಾಗಾಗಿ ಹಾಯಿನೀರಾವರಿಯ ಜೊತೆ ಹೋಲಿಸಿದಾಗ ಕಾಣುವ ಅಂತರ, ಹೊದಿಕೆ ಹಾಕಿದ ಹನಿ ನೀರಾವರಿಯ ಜೊತೆ ಹೋಲಿಸಿದರೆ ಅಷ್ಟೇ ದೊಡ್ಡದಾಗಿ ಉಳಿಯುವುದಿಲ್ಲ. ಒದ್ದೆ ಪರದೆ ಮತ್ತು ಫ್ಯಾನುಗಳಿಂದ ಹಸಿರುಮನೆಯನ್ನು ತಂಪು ಮಾಡುವ ಕಡೆ ಆ ಪರದೆಗಳು ಆವಿಯಾಗಿಸುವ ನೀರನ್ನೂ ಲೆಕ್ಕಕ್ಕೆ ಸೇರಿಸಬೇಕು.

ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನು ಉಲ್ಲೇಖಿಸುವವರು ಕಡಿಮೆ. ಕಿಲೋಗ್ರಾಂ ಲೆಟ್ಯೂಸ್‌ಗೆ ಹೊಲದಲ್ಲಿ 1,100 ಕಿಲೋಜೂಲ್ ಶಕ್ತಿ ಬೇಕಾದರೆ ಹೈಡ್ರೋಪೋನಿಕ್ ಹಸಿರುಮನೆಯಲ್ಲಿ ಸುಮಾರು 90,000 ಕಿಲೋಜೂಲ್ ಬೇಕಾಗಿತ್ತು, ಅಂದರೆ 25 ಯೂನಿಟ್ ವಿದ್ಯುತ್ತಿಗೆ ಸಮ. ಅದರ ಹೆಚ್ಚಿನ ಪಾಲು ಮನೆಯನ್ನು ಬಿಸಿಯಾಗಿ ಅಥವಾ ತಂಪಾಗಿ ಇಡಲು ಖರ್ಚಾಗುವಂಥದ್ದು. ನೆದರ್‌ಲ್ಯಾಂಡ್ಸ್‌ನ ಗಾಜಿನ ಮನೆಗಳಲ್ಲಿ ಚದರ ಮೀಟರಿಗೆ ವರ್ಷಕ್ಕೆ 50 ಕಿಲೋಗ್ರಾಂಗೂ ಮೀರಿ ಟೊಮ್ಯಾಟೊ ತೆಗೆಯುವುದು ನಿಜ, ಆದರೆ ಅದರ ಹಿಂದೆ ನೈಸರ್ಗಿಕ ಅನಿಲದ ಶಾಖ, ಹೆಚ್ಚುವರಿ ಇಂಗಾಲದ ಡೈಆಕ್ಸೈಡ್, ವರ್ಷವಿಡೀ ನಡೆಯುವ ಬೆಳೆ ಇವೆಲ್ಲ ಇವೆ. 2022ರಲ್ಲಿ ಅನಿಲದ ಬೆಲೆ ಏರಿದಾಗ ಅಲ್ಲಿನ ಹಲವು ಬೆಳೆಗಾರರು ಚಳಿಗಾಲದ ಬೆಳೆಯನ್ನೇ ಕೈಬಿಟ್ಟರು. ಕಟ್ಟಡದೊಳಗೆ ಅಂತಸ್ತಿನ ಮೇಲೆ ಅಂತಸ್ತಾಗಿ ಎಲ್‌ಇಡಿ ದೀಪಗಳ ಕೆಳಗೆ ಬೆಳೆಯುವ ಲಂಬ ಕೃಷಿಯಲ್ಲಿ ಸೂರ್ಯನ ಕೆಲಸವನ್ನೂ ವಿದ್ಯುತ್ತಿಗೆ ವಹಿಸಲಾಗುತ್ತದೆ. ಅಮೆರಿಕದಲ್ಲಿ ಅಪಾರ ಬಂಡವಾಳ ಪಡೆದ ಏರೋಫಾರ್ಮ್ಸ್ 2023ರಲ್ಲಿಯೂ ಪ್ಲೆಂಟಿ 2025ರಲ್ಲಿಯೂ ದಿವಾಳಿ ರಕ್ಷಣೆ ಕೋರಿದವು, ಬೋವರಿ 2024ರಲ್ಲಿ ಬಾಗಿಲು ಮುಚ್ಚಿತು. ವರ್ಷದ ಬಹುಭಾಗ ಬಿಸಿಲು ಪುಕ್ಕಟೆಯಾಗಿ ಸುರಿಯುವ ಕರ್ನಾಟಕದಲ್ಲಿ ಆ ಮಾದರಿಯನ್ನು ಅನುಕರಿಸಲು ಸಮರ್ಥನೆ ಸಿಗುವುದಿಲ್ಲ.

ಆಹಾರ ಭದ್ರತೆಯ ಮಾತನ್ನೂ ಇದೇ ಬೆಳಕಿನಲ್ಲಿ ಪರಿಶೀಲಿಸಬೇಕು. ಒಂದು ಕಿಲೋಗ್ರಾಂ ಲೆಟ್ಯೂಸ್‌ನಲ್ಲಿ ಶೇಕಡಾ 95ರಷ್ಟು ನೀರು. ಅದರಿಂದ ಸಿಗುವ ಶಕ್ತಿ ಸುಮಾರು 150 ಕಿಲೋಕ್ಯಾಲೊರಿ. ಒಂದು ಕಿಲೋಗ್ರಾಂ ರಾಗಿಯಿಂದ ಸಿಗುವುದು 3,200ಕ್ಕೂ ಹೆಚ್ಚು. ಗೋಧಿಯನ್ನು ಹತ್ತು ಅಂತಸ್ತಿನ ಲಂಬ ಘಟಕದಲ್ಲಿ ಬೆಳೆದರೆ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 700 ಟನ್ ತೆಗೆಯಬಹುದೆಂದು 2020ರಲ್ಲಿ ಪ್ರಕಟವಾದ ಒಂದು ಗಣಕ ಅಧ್ಯಯನ ಅಂದಾಜಿಸಿತು, ಆದರೆ ವಿದ್ಯುತ್ತಿನ ವೆಚ್ಚದಿಂದ ಅದು ಮಾರುಕಟ್ಟೆಯಲ್ಲಿ ನಿಲ್ಲದು ಎಂಬುದನ್ನೂ ಅದೇ ಅಧ್ಯಯನ ಹೇಳಿತು. ಧಾನ್ಯ, ಬೇಳೆಕಾಳು, ಎಣ್ಣೆಕಾಳುಗಳು ಹೊಲದಲ್ಲೇ ಬೆಳೆಯಬೇಕಾದವು.

ರಾಜ್ಯದ ಹೈನುಗಾರರಲ್ಲಿ ಪ್ರಚಾರ ಪಡೆದ ಹೈಡ್ರೋಪೋನಿಕ್ ಮೇವಿನ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಒಂದು ಕಿಲೋಗ್ರಾಂ ಮುಸುಕಿನ ಜೋಳವನ್ನು ಟ್ರೇಯಲ್ಲಿ ಮೊಳಕೆ ಬರಿಸಿದರೆ ಏಳೆಂಟು ದಿನಗಳಲ್ಲಿ ಐದಾರು ಕಿಲೋಗ್ರಾಂ ಹಸಿರು ಮೇವು ಸಿಗುತ್ತದೆ ಎಂಬುದು ಸರಿ, ಆದರೆ ಹೆಚ್ಚಿದ ತೂಕವೆಲ್ಲ ನೀರು. ಕಾಳಿನಲ್ಲಿದ್ದ ಸುಮಾರು 900 ಗ್ರಾಂ ಒಣಪದಾರ್ಥ ಮೊಳಕೆಯ ಉಸಿರಾಟದಲ್ಲಿ ಕರಗಿ 800 ಗ್ರಾಂನ ಆಸುಪಾಸಿಗೆ ಇಳಿದಿರುತ್ತದೆ. ಜೀವಸತ್ವಗಳು ಹೆಚ್ಚುತ್ತವೆ, ಜಾನುವಾರು ಆಸೆಯಿಂದ ತಿನ್ನುತ್ತವೆ, ಬರಗಾಲದಲ್ಲಿ ಜಮೀನಿಲ್ಲದವರಿಗೆ ಹಸಿರು ಮೇವಿನ ದಾರಿಯೂ ಆಗುತ್ತದೆ. ಆದರೆ ಒಂದು ಕಾಳು ಆರು ಪಟ್ಟು ಆಹಾರವಾಗುತ್ತದೆ ಎಂದು ನಂಬಿಸಿ ಯಂತ್ರ ಮಾರುವುದು ರೈತನಿಗೆ ಮಾಡುವ ಅನ್ಯಾಯ.

ಹಾಗಾದರೆ ಕರ್ನಾಟಕದಲ್ಲಿ ಮಣ್ಣಿಲ್ಲದ ಕೃಷಿಗೆ ಸಾರ್ಥಕವಾದ ಜಾಗ ಯಾವುದು ಎಂದರೆ, ರೈತರು ಅದನ್ನು ಆಗಲೇ ಕಂಡುಕೊಂಡಿದ್ದಾರೆ. ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಜಿಲ್ಲೆಗಳ ನರ್ಸರಿಗಳಲ್ಲಿ ಟೊಮ್ಯಾಟೊ, ಎಲೆಕೋಸು, ದೊಣ್ಣೆಮೆಣಸಿನಕಾಯಿಗಳ ಸಸಿಗಳು ಬೆಳೆಯುವುದು ಮಣ್ಣಿನ ಮಡಿಯಲ್ಲಲ್ಲ, ಕೊಕೊಪೀಟ್ ತುಂಬಿದ ಪ್ರೋಟ್ರೇಗಳಲ್ಲಿ. ಮಣ್ಣಿನಿಂದ ಬರುವ ಸಸಿ ಸಾಯುವ ರೋಗ ತಪ್ಪುತ್ತದೆ, ದುಬಾರಿ ಸಂಕರಣ ಬೀಜ ಹಾಳಾಗುವುದಿಲ್ಲ, ಕಿತ್ತು ನೆಡುವಾಗ ಬೇರು ಹರಿಯುವುದಿಲ್ಲ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹುದುಗಿಸಿದ ಕೊಕೊಪೀಟನ್ನೂ ಮಣ್ಣುರಹಿತ ಕೃಷಿಗೆಂದೇ ‘ಅರ್ಕಾ ಸಸ್ಯ ಪೋಷಕ ರಸ’ ಎಂಬ ಪೋಷಕ ದ್ರಾವಣವನ್ನೂ ರೂಪಿಸಿದೆ. ತುಮಕೂರು, ಹಾಸನ ಜಿಲ್ಲೆಗಳ ತೆಂಗಿನ ಸೀಮೆಯಲ್ಲಿ ನಾರು ತೆಗೆದ ಮೇಲೆ ಉಳಿಯುವ ಪುಡಿ ಇದರ ಕಚ್ಚಾವಸ್ತು. ಅದರಲ್ಲಿರುವ ಸೋಡಿಯಂ ಮತ್ತು ಪೊಟ್ಯಾಸಿಯಂ ಉಪ್ಪನ್ನು ತೊಳೆದು, ಕ್ಯಾಲ್ಸಿಯಂ ನೈಟ್ರೇಟಿನಲ್ಲಿ ನೆನೆಸಿ ಹದಗೊಳಿಸಿದ ಮೇಲೆಯೇ ಅದು ಬೇರಿಗೆ ಯೋಗ್ಯವಾಗುತ್ತದೆ.

ಬಿತ್ತನೆ ಆಲೂಗಡ್ಡೆ ಇನ್ನೊಂದು ನಿದರ್ಶನ. ಹಾಸನದ ಬೆಳೆಗಾರರು ಬಹುಕಾಲದಿಂದ ಪಂಜಾಬಿನ ಜಲಂಧರದಿಂದ ಬರುವ ಬಿತ್ತನೆ ಗಡ್ಡೆಯನ್ನು ನೆಚ್ಚಿಕೊಂಡಿದ್ದಾರೆ. ಗಡ್ಡೆಯ ಜೊತೆಗೆ ನಂಜುರೋಗ, ಅಂಗಮಾರಿಗಳೂ ಬಂದು ಬೆಳೆ ಕೈಕೊಟ್ಟ ವರ್ಷಗಳಿವೆ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಅಂಗಾಂಶ ಕೃಷಿಯ ರೋಗರಹಿತ ಸಸಿಗಳನ್ನು ಏರೋಪೋನಿಕ್ಸ್ ಪೆಟ್ಟಿಗೆಗಳಲ್ಲಿ ಬೆಳೆಸಿ, ಬಲಿತ ಕಿರುಗಡ್ಡೆಗಳನ್ನು ಗಿಡ ಕೀಳದೆಯೇ ಹಲವು ಬಾರಿ ಬಿಡಿಸಿಕೊಳ್ಳುವ ವಿಧಾನವನ್ನು ರೂಢಿಗೆ ತಂದಿದ್ದು, ಇದರಿಂದ ಒಂದು ಸಸಿಯಿಂದ ಸಿಗುವ ಗಡ್ಡೆಗಳ ಸಂಖ್ಯೆ ಹಲವು ಪಟ್ಟು ಏರುತ್ತದೆ. ಕೆಲವೇ ಗುಂಟೆಯ ಘಟಕ ನೂರಾರು ಎಕರೆಯ ಬೀಜದ ಗುಣವನ್ನು ನಿರ್ಧರಿಸುವ ಇಂಥ ಕಡೆ, ಮಣ್ಣಿನ ಕೆಲಸವನ್ನು ಯಂತ್ರಕ್ಕೆ ವಹಿಸುವ ವೆಚ್ಚ ಪೂರ್ತಿಯಾಗಿ ಹಿಂದಿರುಗುತ್ತದೆ. ತಾರಸಿಯ ಲೆಟ್ಯೂಸ್‌ಗಿಂತ ರಾಜ್ಯದ ಸಂಶೋಧನಾ ಹಣ ಈ ದಿಕ್ಕಿಗೆ ಹರಿಯಬೇಕು.

ದ್ರಾವಣಕ್ಕೆ ಬೇಕಾದ ಲವಣಗಳು ಎಲ್ಲಿಂದ ಬರುತ್ತವೆ, ಬಳಸಿದ ಮೇಲೆ ಎಲ್ಲಿಗೆ ಹೋಗುತ್ತವೆ ಎಂಬ ಪ್ರಶ್ನೆ ಇನ್ನೂ ಉಳಿದಿದೆ. ನೀರಿನಲ್ಲಿ ಪೂರ್ಣವಾಗಿ ಕರಗುವ ರಸಗೊಬ್ಬರಗಳಲ್ಲಿ ದೊಡ್ಡ ಪಾಲು ಭಾರತಕ್ಕೆ ಆಮದಾಗುವಂಥದ್ದು. ಮರುಬಳಕೆಯಾದಂತೆಲ್ಲ ದ್ರಾವಣದಲ್ಲಿ ಗಿಡ ಬಯಸದ ಸೋಡಿಯಂ, ಕ್ಲೋರೈಡುಗಳು ಕೂಡುತ್ತ ಹೋಗಿ ಕೊನೆಗೆ ಅದನ್ನು ಚೆಲ್ಲಲೇಬೇಕಾಗುತ್ತದೆ. ನೈಟ್ರೇಟು ತುಂಬಿದ ಆ ನೀರು ಅಂತರ್ಜಲಕ್ಕೆ ಸೇರಿದರೆ ಕುಡಿಯುವ ನೀರೇ ಕೆಡುತ್ತದೆ. ಈ ಕಾರಣಕ್ಕಾಗಿಯೇ ನೆದರ್‌ಲ್ಯಾಂಡ್ಸ್ 2027ರ ಹೊತ್ತಿಗೆ ಹಸಿರುಮನೆಗಳಿಂದ ಹೊರಬರುವ ಪೋಷಕಾಂಶ ಮತ್ತು ಕೀಟನಾಶಕಗಳನ್ನು ಬಹುತೇಕ ಸೊನ್ನೆಗೆ ಇಳಿಸುವ ಗುರಿ ಇಟ್ಟುಕೊಂಡಿದೆ. ಅಂತರ್ಜಲವನ್ನೇ ಕುಡಿದು ಬದುಕುವ ನಮ್ಮ ಬಯಲುಸೀಮೆಯಲ್ಲಿ ಘಟಕಕ್ಕೆ ಅನುಮತಿ ಮತ್ತು ನೆರವು ಕೊಡುವಾಗಲೇ ಚೆಲ್ಲುನೀರಿನ ದಾರಿಯನ್ನು ಕೇಳಬೇಕು; ಅದನ್ನು ತೆಂಗು ಅಥವಾ ಮೇವಿನ ತಾಕಿಗೆ ಹಾಯಿಸಿದರೂ ಸಾಕು.

ತಿನ್ನುವವರ ಆರೋಗ್ಯದ ವಿಷಯದಲ್ಲಿ ಎರಡು ಮಾತು ಸಾಕು. ಮಣ್ಣಿಲ್ಲದ್ದರಿಂದ ಬೆಳೆ ತಾನಾಗಿ ವಿಷಮುಕ್ತವಾಗುವುದಿಲ್ಲ. ಬಿಳಿನೊಣ, ಹೇನು, ಬೂದಿರೋಗಗಳು ಹಸಿರುಮನೆಗೂ ಬರುತ್ತವೆ, ಔಷಧ ಹೊಡೆಯುವುದೂ ಬಿಡುವುದೂ ಬೆಳೆಗಾರನಿಗೆ ಸೇರಿದ್ದು. ಮಂದ ಬೆಳಕಿನಲ್ಲಿ ಹೆಚ್ಚು ನೈಟ್ರೇಟು ಕುಡಿದ ಸೊಪ್ಪು ಅದನ್ನು ಎಲೆಯಲ್ಲೇ ಕೂಡಿಟ್ಟುಕೊಳ್ಳುವುದರಿಂದ ಐರೋಪ್ಯ ಒಕ್ಕೂಟ ಲೆಟ್ಯೂಸ್‌ಗೆ ಮಿತಿ ವಿಧಿಸಿದೆ. ಕೊಯ್ಲಿಗೆ ಕೆಲವು ದಿನ ಮೊದಲು ದ್ರಾವಣದ ನೈಟ್ರೇಟನ್ನು ಇಳಿಸಿದರೆ ಇದನ್ನು ಹತೋಟಿಗೆ ತರಬಹುದು. ಈ ಬೆಳೆಯನ್ನು ಸಾವಯವವೆಂದು ಮಾರಬಹುದೇ ಎಂಬ ವಿವಾದದಲ್ಲಿ ಜಗತ್ತು ಎರಡಾಗಿದೆ: ಮಣ್ಣಿನ ಜೀವಜಾಲದ ಮೂಲಕ ಗಿಡವನ್ನು ಪೋಷಿಸುವುದೇ ಸಾವಯವ ಕೃಷಿಯ ಮೂಲವೆಂದು ಐರೋಪ್ಯ ಒಕ್ಕೂಟ ಹೈಡ್ರೋಪೋನಿಕ್ಸನ್ನು ಹೊರಗಿಟ್ಟಿದೆ, ಅಮೆರಿಕದ ಸಾವಯವ ಮಾನದಂಡ ಮಂಡಳಿ 2017ರಲ್ಲಿ ಅದನ್ನು ನಿಷೇಧಿಸುವ ಪ್ರಸ್ತಾವವನ್ನು 8ಕ್ಕೆ 7 ಮತಗಳಿಂದ ತಳ್ಳಿಹಾಕಿತು. ಐರೋಪ್ಯರ ನಿಲುವು ಹೆಚ್ಚು ಪ್ರಾಮಾಣಿಕವಾದದ್ದು. ಲವಣದ ದ್ರಾವಣದಲ್ಲಿ ಬೆಳೆದ ಸೊಪ್ಪು ಶುಚಿಯಾಗಿರಬಹುದು, ತಾಜಾ ಇರಬಹುದು, ನೀರನ್ನೂ ಉಳಿಸಿರಬಹುದು. ಆ ಗುಣಗಳನ್ನು ಉಳಿಕೆ ವಿಷ ಮತ್ತು ನೈಟ್ರೇಟಿನ ಪರೀಕ್ಷೆಯಿಂದ ತೋರಿಸಿ, ಅದರ ಸ್ವಂತ ಹೆಸರಿನಲ್ಲೇ ಮಾರಬೇಕು.